ಮಿಲ್ಲು ಹೋಯಿತು, ಕಾಂಪೌಂಡು ಉಳಿಯಿತು

ಆಟೋದವರಿಗೆ ನಮ್ಮ ಅಪಾರ್ಟ್‌ಮೆಂಟಿನ ಹೆಸರು ಹೇಳಿದರೆ ಗೊತ್ತಾಗುವುದಿಲ್ಲ. ಹೇಳುವಾಗ ನನಗೂ ನಾಲಿಗೆ ತೊಡರುತ್ತದೆ. ಅದು ಯಾವುದೋ ದೂರದೇಶದ ಊರಿನ ಹೆಸರೋ, ಹೂವಿನ ಹೆಸರೋ, ಆರು ವರ್ಷ ಇದ್ದರೂ ನನಗೆ ಸರಿಯಾಗಿ ಗೊತ್ತಿಲ್ಲ. "ಮಿಲ್ ಹತ್ರ" ಅಂದರೆ ಸಾಕು, ಮುಂದಿನ ಪ್ರಶ್ನೆಯಿಲ್ಲ. ಮಿಲ್ಲು ನಿಂತು ಎಷ್ಟೋ ವರ್ಷಗಳಾದವು. ಮಗ್ಗಗಳು ಗುಜರಿಗೆ ಹೋದವು. ಶೆಡ್ಡುಗಳನ್ನು ಕೆಡವಿದರು. ಆದರೂ ಬಸ್ಸಿನ ಕಂಡಕ್ಟರು, ಹಾಲಿನವರು, ಗ್ಯಾಸ್ ಸಿಲಿಂಡರ್ ತರುವ ಹುಡುಗ, ಎಲ್ಲರ ಬಾಯಲ್ಲೂ ಇನ್ನೂ ಮಿಲ್ಲೇ.

ಯಾವ ಮಿಲ್ಲು ಅಂತ ಇಲ್ಲಿ ಹೇಳುವುದಿಲ್ಲ. ನಮ್ಮ ಅಸೋಸಿಯೇಷನ್ನಿನ ವಾಟ್ಸಾಪ್ ಗುಂಪಿಗೆ ಈ ಬರಹ ತಲುಪಿದರೆ ನನಗೆ ನೆಮ್ಮದಿ ಇರುವುದಿಲ್ಲ. ಬೆಂಗಳೂರಿನ ರೈಲ್ವೆ ಸ್ಟೇಷನ್ನು, ಮಾಗಡಿ ರಸ್ತೆ, ಬಿನ್ನಿಪೇಟೆ, ಅಲ್ಲಿಂದ ಮಲ್ಲೇಶ್ವರದವರೆಗಿನ ಪಟ್ಟಿಯಲ್ಲಿ ಒಂದು ಕಾಲಕ್ಕೆ ಬಟ್ಟೆ ಮಿಲ್ಲುಗಳಿದ್ದವು. ಅವುಗಳಲ್ಲಿ ಒಂದರ ಜಾಗ ಅಂದುಕೊಳ್ಳಿ. ನಮ್ಮ ಮನೆ 12ಎ ಮಹಡಿಯಲ್ಲಿದೆ. ಹದಿಮೂರು ಅಂತ ಬರೆದರೆ ಯಾರೂ ಕೊಳ್ಳುವುದಿಲ್ಲವಂತೆ, ಅದಕ್ಕೇ ಲಿಫ್ಟಿನಲ್ಲಿ 12 ಆದಮೇಲೆ 12ಎ, ಆಮೇಲೆ 14. ನಮ್ಮೂರು ತಿಪಟೂರಿನಲ್ಲಿ ಹದಿಮೂರನ್ನು ಕಂಡು ಯಾರೂ ಹೆದರಿದ್ದು ನಾನು ನೋಡಿಲ್ಲ. ಈ ಭಯವೂ ಬಿಲ್ಡರ್ ಜೊತೆಗೇ ಬಂದಿರಬೇಕು.

ಅಡುಗೆಮನೆಯ ಕಿಟಕಿಯಿಂದ ರೈಲು ಕಾಣುತ್ತದೆ. ಬಾಲ್ಕನಿಯಿಂದ ಪೇಟೆ ಕಾಣುತ್ತದೆ. ಪೇಟೆ ಅಂದರೆ ಕೆಂಪೇಗೌಡರ ಪೇಟೆ. ಮೇಲಿನಿಂದ ನೋಡಿದರೆ ಮೊದಲು ಕಾಣುವುದು ಕಪ್ಪು ನೀರಿನ ಟ್ಯಾಂಕುಗಳು. ಸಾವಿರಾರು ಟ್ಯಾಂಕು. ನಡುನಡುವೆ ಒಂದು ಗೋಪುರ, ಒಂದು ಮಿನಾರು, ಯಾರದೋ ಮಹಡಿಯ ಮೇಲೆ ಒಣಹಾಕಿದ ಕೆಂಪು ಸೀರೆ. ರಸ್ತೆಗಳೇ ಕಾಣುವುದಿಲ್ಲ, ಅಷ್ಟು ಕಿರಿದು.

ಈ ಫ್ಲ್ಯಾಟ್ ತೋರಿಸಲು ಬಂದ ಹುಡುಗ ನನ್ನನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ, "ಹೆರಿಟೇಜ್ ವ್ಯೂ ಮೇಡಂ" ಅಂದ. ಅದಕ್ಕೆ ಚದರಡಿಗೆ ಬೇರೆ ದರ ಇತ್ತು. ಕೊಟ್ಟೆವು.

*

ಚಿಕ್ಕವಳಿದ್ದಾಗ ನಾನು ಈ ಕಡೆಗೆ ಬಂದಿದ್ದು ಬಟ್ಟೆ ಕೊಳ್ಳುವುದಕ್ಕೆ. ಚಿಕ್ಕಮ್ಮನ ಮದುವೆ. ತಿಪಟೂರಿನಿಂದ ಪ್ಯಾಸೆಂಜರ್ ರೈಲು. ಯಶವಂತಪುರ ದಾಟಿ ಮಲ್ಲೇಶ್ವರ ಬಂದಾಗ ಅಪ್ಪ, "ಇನ್ನೇನು ಬಂತು, ಮಿಲ್ ಬಂತು" ಅಂತ ಚೀಲ ಇಳಿಸಲು ಶುರು ಮಾಡುತ್ತಿದ್ದರು. ಕಿಟಕಿಯಾಚೆ ಉದ್ದನೆಯ ಗೋಡೆ ಓಡುತ್ತಿತ್ತು. ನನಗೆ ಮಿಲ್ಲು ಅಂದರೆ ಆ ಗೋಡೆ, ಅಷ್ಟೇ. ಒಳಗೆ ಏನಿತ್ತು ಅಂತ ಅಪ್ಪನಿಗೂ ಗೊತ್ತಿರಲಿಲ್ಲ ಅನಿಸುತ್ತೆ.

ಇಳಿದುಕೊಳ್ಳುತ್ತಿದ್ದದ್ದು ಸ್ಟೇಷನ್ ಎದುರಿನ ತೋಟದಪ್ಪನವರ ಛತ್ರದಲ್ಲಿ. ಗುಬ್ಬಿಯ ವ್ಯಾಪಾರಿ ತೋಟದಪ್ಪನವರು ಬೆಂಗಳೂರಿಗೆ ಬಂದ ಪರಸ್ಥಳದವರಿಗೆ ತಂಗಲು ಜಾಗವಿರಲಿ ಅಂತ ಕಟ್ಟಿಸಿದ ಛತ್ರ ಅದು. ತುಮಕೂರು ಕಡೆಯವರಿಗೆ ಅದು ಒಂಥರಾ ನಮ್ಮೂರಿನದೇ ಮನೆ. ಬೆಳಿಗ್ಗೆ ಸ್ನಾನ ಮುಗಿಸಿ ಅಲ್ಲಿಂದ ನಡೆದುಕೊಂಡೇ ಚಿಕ್ಕಪೇಟೆಗೆ ಹೋಗುತ್ತಿದ್ದೆವು. ದಾರಿಯಲ್ಲಿ ಒಂದು ರಸ್ತೆಗೆ ಟ್ಯಾಂಕ್ ಬಂಡ್ ರಸ್ತೆ ಅಂತ ಹೆಸರು. ನಾನು ಕೆರೆ ಎಲ್ಲಿ ಅಂತ ಕೇಳಿದ್ದೆ. "ಬಸ್‌ಸ್ಟ್ಯಾಂಡ್ ಅಡಿ" ಅಂದಿದ್ದರು ಅಪ್ಪ. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ.

ತಮಾಷೆಯಲ್ಲ. ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಪೇಟೆಯ ಜನ ಕುಡಿಯುತ್ತಿದ್ದ ನೀರು ಅದು. 1896ರಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. ಕೊಳವೆ ಬಂದ ಮೇಲೆ ಕೆರೆಯನ್ನು ಯಾರು ಕೇಳುತ್ತಾರೆ? ಬತ್ತಿತು, ಮೈದಾನವಾಯಿತು, ಆಮೇಲೆ ಬಸ್ಸು ಬಂತು. ಈಗ ಅದರ ಕೆಳಗೆ ಮೆಟ್ರೋ. ದಂಡೆಯ ಹೆಸರು ಮಾತ್ರ ರಸ್ತೆಯ ಬೋರ್ಡಿನಲ್ಲಿ ಉಳಿದಿದೆ.

ನಲವತ್ತು ದಾಟಿದ ಮೇಲೆ ಅದೇ ರಸ್ತೆಯ ಆಸುಪಾಸಿನಲ್ಲಿ ಮನೆ ಮಾಡುತ್ತೇನೆ ಅಂತ ಯಾರಾದರೂ ಹೇಳಿದ್ದರೆ ಅಪ್ಪ ನಗುತ್ತಿದ್ದರು. ಪೇಟೆಗೆ ಹೋಗಿ ಬರಬೇಕು, ಇರಬಾರದು, ಅನ್ನುವುದು ಅವರ ಲೆಕ್ಕ.

*

ಮಿಲ್ಲಿನ ವಿಷಯಕ್ಕೆ ಬರುತ್ತೇನೆ. 1884ರಲ್ಲಿ ಇಲ್ಲಿ ಬೆಂಗಳೂರು ವುಲ್ಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಶುರುವಾಯಿತು. ಉಣ್ಣೆ, ಹತ್ತಿ, ರೇಷ್ಮೆ ಮೂರೂ ಒಂದೇ ಹೆಸರಿನಲ್ಲಿ. ಮದ್ರಾಸಿನ ಬಿನ್ನಿ ಕಂಪನಿ ಅದನ್ನು ನಡೆಸಿತು. ಜನ ಉದ್ದ ಹೆಸರು ಬಿಟ್ಟು ಬಿನ್ನಿ ಮಿಲ್ ಅಂದರು. ಸುತ್ತ ಬೆಳೆದ ಊರಿಗೆ ಬಿನ್ನಿಪೇಟೆ ಅಂದರು. ನಮ್ಮಮ್ಮನ ಟ್ರಂಕಿನಲ್ಲಿ ಒಂದು ಬಿನ್ನಿ ಸಿಲ್ಕ್ ಸೀರೆ ಇದೆ, ಮಡಿಕೆಯ ಗೆರೆಯಲ್ಲಿ ಹರಿದಿದೆ, ಆದರೂ ಎಸೆಯಲು ಬಿಡುವುದಿಲ್ಲ.

ಈ "ಪೇಟೆ" ಅನ್ನುವ ಬಾಲ ನೋಡಿ. ಹಳೆಯ ಪೇಟೆಗಳಿಗೆಲ್ಲ ಅಲ್ಲಿ ಏನು ಮಾರುತ್ತಿದ್ದರೋ, ಯಾರು ಇದ್ದರೋ ಆ ಹೆಸರು. ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಬಿನ್ನಿಪೇಟೆಗೆ ಕಂಪನಿಯ ಹೆಸರು. ಅದರ ಪಕ್ಕದಲ್ಲೇ ಕಾಟನ್‌ಪೇಟೆ. ಅದರ ನಿಜವಾದ ಹೆಸರು ಅರಳೇಪೇಟೆ. ಹತ್ತಿಯ ಅರಳೆ ಮಾರುತ್ತಿದ್ದ ಜಾಗ. ಹತ್ತಿಯ ಪೇಟೆ ಅಲ್ಲಿತ್ತು, ನೂಲುವ ಮಿಲ್ಲು ಅದರ ಬೆನ್ನಿಗೇ ಬಂತು. ರೈಲೂ ಹತ್ತಿರದಲ್ಲೇ. ಇನ್ನೇನು ಬೇಕು? ಅದಕ್ಕೂ ಮೊದಲು ಪೇಟೆಯ ಒಳಗೆ ಮನೆಮನೆಯಲ್ಲೂ ಮಗ್ಗ ಇತ್ತು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಪರವಾಗಿ ಬುಕಾನನ್ ಅನ್ನುವ ವೈದ್ಯ ಇಲ್ಲಿಗೆ ಬಂದು ಬೆಂಗಳೂರಿನ ನೇಕಾರರ ಬಗ್ಗೆ ವಿವರವಾಗಿ ಬರೆದುಕೊಂಡು ಹೋದ. ಕಬ್ಬನ್‌ಪೇಟೆಯ ಓಣಿಯಲ್ಲಿ ನಡೆಯುವಾಗ ಮಗ್ಗದ ಸದ್ದು ನಾನೂ ಕೇಳಿದ್ದೇನೆ. ಮಿಲ್ಲುಗಳು ಬಂದವು, ಹೋದವು. ಮಗ್ಗ ಇನ್ನೂ ಲಟಲಟ ಅನ್ನುತ್ತಿತ್ತು.

ಇಲ್ಲೇ ಗೋಪಾಲಪುರದ ಕಡೆ ಇದ್ದ ಇನ್ನೊಂದು ಮಿಲ್ಲು ಮಿನರ್ವಾ. ಅಕ್ಕನ ಮಗಳು ಲಾ ಓದುತ್ತಿದ್ದಾಳೆ. ಮೊದಲ ಸಲ ನಮ್ಮ ಮನೆಗೆ ಬಂದಾಗ ಅವಳಿಗೆ ಬಾಲ್ಕನಿಯಿಂದ ಆ ಕಡೆ ತೋರಿಸಿ, "ಅಲ್ಲಿ ಮಿನರ್ವಾ ಮಿಲ್ಸ್ ಇತ್ತಂತೆ" ಅಂದೆ. ಅವಳು ಕಾಫಿ ಲೋಟ ಕೆಳಗಿಟ್ಟಳು. "ಚಿಕ್ಕೀ, ಆ ಮಿನರ್ವಾ ಮಿಲ್ಸಾ?" ಅಂದಳು. ನನಗೆ ಯಾವ ಮಿನರ್ವಾ ಅಂತ ಗೊತ್ತಿರಲಿಲ್ಲ.

ಅವಳು ಹೇಳಿದ ಕತೆ ಇದು. ಕೇಂದ್ರ ಸರ್ಕಾರ 1971ರಲ್ಲಿ ಈ ಮಿಲ್ಲಿನ ಆಡಳಿತ ವಹಿಸಿಕೊಂಡಿತು. 1974ರಲ್ಲಿ ನಷ್ಟದಲ್ಲಿದ್ದ ಬಟ್ಟೆ ಮಿಲ್ಲುಗಳನ್ನು ರಾಷ್ಟ್ರೀಕರಣ ಮಾಡುವ ಕಾನೂನು ಬಂತು, ಮಿಲ್ಲು ಪೂರ್ತಿ ಸರ್ಕಾರದ್ದಾಯಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ಪಾಲ್ಖಿವಾಲಾ ವಾದ ಮಾಡಿದರು. ತುರ್ತು ಪರಿಸ್ಥಿತಿಯಲ್ಲಿ ತಂದ 42ನೇ ತಿದ್ದುಪಡಿಯಲ್ಲಿ, ಸಂಸತ್ತು ಸಂವಿಧಾನವನ್ನು ಎಷ್ಟು ಬೇಕಾದರೂ ಬದಲಿಸಬಹುದು, ಯಾರೂ ಕೇಳುವ ಹಾಗಿಲ್ಲ ಅನ್ನುವ ಅರ್ಥದ ಒಂದು ಭಾಗವಿತ್ತು. 1980ರಲ್ಲಿ ನ್ಯಾಯಾಲಯ ಅದನ್ನು ಹೊಡೆದು ಹಾಕಿತು. ಬದಲಿಸುವ ಅಧಿಕಾರಕ್ಕೇ ಒಂದು ಮಿತಿ ಇದೆ, ಆ ಮಿತಿಯೇ ಸಂವಿಧಾನದ ಮೂಲ ರಚನೆಯ ಭಾಗ ಅಂತ ಹೇಳಿತು. ದೇಶದ ಯಾವ ಲಾ ಕಾಲೇಜಿಗೆ ಹೋದರೂ ಈ ಹೆಸರು ಬಾಯಿಪಾಠವಂತೆ.

ನಾವಿಬ್ಬರೂ ಆ ಜಾಗ ನೋಡಿ ಬರೋಣ ಅಂತ ಹೊರಟೆವು. ಆಟೋ ಹತ್ತಿ "ಮಿನರ್ವಾ ಮಿಲ್" ಅಂದೆ. ಆತ ತಿರುಗಿ, "ಮಿನರ್ವಾ ಸರ್ಕಲ್ಲಾ? ಲಾಲ್‌ಬಾಗ್ ಹತ್ರ ತಾನೇ?" ಅಂದ. ಅದು ಬೇರೆ ಮಿನರ್ವಾ, ಟಾಕೀಸಿನದು. ಕೊನೆಗೆ ನಡೆದೇ ಹೋದೆವು. ಎತ್ತರದ ಕಟ್ಟಡಗಳು, ಗೇಟು, ಗೇಟಿನಲ್ಲಿ ಗಾರ್ಡು. ಅಕ್ಕನ ಮಗಳು ಗೇಟಿನ ಮುಂದೆ ಒಂದು ಸೆಲ್ಫಿ ತೆಗೆದುಕೊಂಡಳು. "ಮೇಡಂ, ಫೋಟೋ ತೆಗೀಬಾರದು" ಅಂತ ಗಾರ್ಡ್ ಬಂದ. ಮೂಲಭೂತ ಹಕ್ಕುಗಳ ಬಗ್ಗೆ ಅವನ ಹತ್ತಿರ ವಾದ ಮಾಡುತ್ತಾಳೇನೋ ಅಂತ ನನಗೆ ಹೆದರಿಕೆಯಾಯಿತು. ಮಾಡಲಿಲ್ಲ.

*

ಶನಿವಾರ ಬೆಳಿಗ್ಗೆ ನಾನು ಪೇಟೆಗೆ ನಡೆದುಹೋಗುತ್ತೇನೆ. ಹಿಂದಿನ ಗೇಟಿನಿಂದ ಹೊರಬಿದ್ದು, ಓಣಿ ಹಿಡಿದು, ರೈಲು ಸೇತುವೆಯ ಕೆಳಗೆ ನುಸುಳಿದರೆ ಅರಳೇಪೇಟೆ. ಅಲ್ಲಿಂದ ಅಕ್ಕಿಪೇಟೆ. ಅಕ್ಕಿಪೇಟೆಯಲ್ಲಿ ಈಗ ಅಕ್ಕಿಗಿಂತ ಜಾಸ್ತಿ ಔಷಧಿ ಸಿಗುತ್ತದೆ, ಸಗಟು ಔಷಧಿ ವ್ಯಾಪಾರ ಅಲ್ಲಿದೆ. ಬಳೇಪೇಟೆಯಲ್ಲಿ ತಬಲಾ, ಹಾರ್ಮೋನಿಯಂ, ನಾದಸ್ವರದ ಅಂಗಡಿಗಳು. ಸುಲ್ತಾನ್‌ಪೇಟೆಯಲ್ಲಿ ಸುಲ್ತಾನನಿಲ್ಲ, ಮದುವೆ ಕಾರ್ಡು ಇದೆ. ಹತ್ತು ರೂಪಾಯಿಯ ಕಾರ್ಡಿನಿಂದ ಹಿಡಿದು ಪೆಟ್ಟಿಗೆಯೊಳಗೆ ಒಣಹಣ್ಣು ಇಟ್ಟು ಕೊಡುವ ಕಾರ್ಡಿನವರೆಗೆ. ದೊಡ್ಡಪೇಟೆಗೆ ಅವೆನ್ಯೂ ರಸ್ತೆ ಅಂತ ಹೆಸರಾಗಿ ಎಷ್ಟು ಕಾಲವಾಯಿತೋ. ಅಲ್ಲಿ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಕೊಂಡು ಪರೀಕ್ಷೆ ಪಾಸಾದವರು ನನ್ನ ಆಫೀಸಿನಲ್ಲೇ ಅರ್ಧ ಜನ ಇದ್ದಾರೆ.

ಕೆಂಪೇಗೌಡರು 1537ರಲ್ಲಿ ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಕಡೆ ನಾಲ್ಕು ಜೋಡಿ ಎತ್ತು ಕಟ್ಟಿ ನಾಲ್ಕು ದಿಕ್ಕಿಗೆ ಉಳುಮೆ ಮಾಡಿಸಿದರಂತೆ. ಎತ್ತು ನಿಂತ ಕಡೆ ಹೆಬ್ಬಾಗಿಲು. ಮಕ್ಕಳಿಗೆಲ್ಲ ಗೊತ್ತಿರುವ ಕತೆ. ಆ ಕೂಡುರಸ್ತೆಯಲ್ಲಿ ಈಗ ಒಂದು ಜೊತೆ ಎತ್ತಲ್ಲ, ಒಂದು ಸ್ಕೂಟರು ತಿರುಗಿಸುವುದೂ ಕಷ್ಟ.

ಇಲ್ಲಿಯ ವ್ಯಾಪಾರ ಬದಲಾಗುತ್ತದೆ, ಹೆಸರು ಬದಲಾಗುವುದಿಲ್ಲ. ಬಳೆ ಹೋಗಿ ತಬಲಾ ಬಂದರೂ ಬಳೇಪೇಟೆಯೇ. ನಮ್ಮ ಕಡೆ ನೋಡಿದರೆ ಹೆಸರು ಮೊದಲು ಬದಲಾಯಿತು. ಗೋಡೆ ಮಾತ್ರ ಹಾಗೇ ಇದೆ. ನಿಜವಾಗಿಯೂ ಹಾಗೇ ಇದೆ: ನಮ್ಮ ಕಾಂಪೌಂಡಿನ ಹಿಂಭಾಗದಲ್ಲಿ ಸುಮಾರು ಇನ್ನೂರು ಅಡಿ ಉದ್ದಕ್ಕೆ ಮಿಲ್ಲಿನ ಕಲ್ಲಿನ ಗೋಡೆಯನ್ನೇ ಉಳಿಸಿಕೊಂಡಿದ್ದಾರೆ. ಬಿಲ್ಡರಿಗೆ ಇತಿಹಾಸದ ಮೇಲೆ ಪ್ರೀತಿ ಅಂತಲ್ಲ, ಗೋಡೆ ಗಟ್ಟಿಯಾಗಿತ್ತು. ಮೇಲೆ ಬಿಳಿ ಬಣ್ಣ ಬಳಿದು, ಅದರ ಮೇಲೆ ವಿದ್ಯುತ್ ತಂತಿ ಎಳೆದಿದ್ದಾರೆ.

ಬಳೇಪೇಟೆಯ ಹಳೆಯ ಉಡುಪಿ ಹೋಟೆಲಿನಲ್ಲಿ ಸಾಗು ಮಸಾಲೆ ದೋಸೆ ತಿಂದು, ಒಂದು ಮೊಳ ಹೂ ಕೊಂಡು ವಾಪಸಾಗುತ್ತೇನೆ. ನಡುವೆ ಒಂದೆರಡು ವರ್ಷ ಈ ನಡಿಗೆಯೇ ಆಗುತ್ತಿರಲಿಲ್ಲ. ರಸ್ತೆ ಚೆಂದ ಮಾಡುತ್ತೇವೆ ಅಂತ ಅಗೆದು ಹಾಗೇ ಬಿಟ್ಟಿದ್ದರು. ಮಳೆ ಬಂದರೆ ಹೊಂಡ, ಬಿಸಿಲಿದ್ದರೆ ಧೂಳು. ಅಂಗಡಿಯವರು ಹಲಗೆ ಹಾಕಿ ಗಿರಾಕಿಗಳನ್ನು ಕೈ ಹಿಡಿದು ದಾಟಿಸಿಕೊಳ್ಳುತ್ತಿದ್ದರು. ಆ ಕತೆ ಬೆಂಗಳೂರಿನಲ್ಲಿ ಯಾರಿಗೂ ಹೊಸದಲ್ಲ, ಬಿಡಿ.

*

ಹಿಂದಿನ ಗೇಟು ಅಂದೆನಲ್ಲ, ಅದರ ಬಗ್ಗೆ ಹೇಳಲೇಬೇಕು.

ಆ ಹಳೆಯ ಕಲ್ಲಿನ ಗೋಡೆಯಲ್ಲಿ ಒಬ್ಬರು ಮಾತ್ರ ಹೋಗುವಷ್ಟು ಅಗಲದ ಒಂದು ಕಬ್ಬಿಣದ ಬಾಗಿಲಿದೆ. ಕೋಟೆಗಳಲ್ಲಿ ದಿಡ್ಡಿ ಬಾಗಿಲು ಅಂತಾರಲ್ಲ, ಹಾಗೆ. ಅದರಾಚೆ ಓಣಿ, ಓಣಿಯ ತುಂಬ ಸಣ್ಣ ಮನೆಗಳು. ಹೆಚ್ಚಿನವು ಮಿಲ್ಲಿನ ಕೆಲಸಗಾರರು ಬಾಡಿಗೆಗೆ ಇದ್ದು, ಆಮೇಲೆ ಹೇಗೋ ತಮ್ಮದು ಮಾಡಿಕೊಂಡವು. ನಮ್ಮ ಮುಖ್ಯ ಗೇಟು ದೊಡ್ಡ ರಸ್ತೆಗೆ ತೆರೆಯುತ್ತದೆ. ಅಲ್ಲಿ ಕಾರಂಜಿ, ಕಾರುಗಳಿಗೆ ತಾನಾಗಿ ಏಳುವ ಅಡ್ಡಗಂಬ. ನಮ್ಮಲ್ಲಿ ಕೆಲಸ ಮಾಡುವವರು ಬರುವುದು ಹಿಂದಿನಿಂದ.

ಬೆಳಿಗ್ಗೆ ಆರೂವರೆಗೆ ಬಾಲ್ಕನಿಯಲ್ಲಿ ನಿಂತರೆ ಕಾಣುತ್ತದೆ. ಓಣಿಯಲ್ಲಿ ಹೆಂಗಸರ ಸಾಲು. ಅಡುಗೆಯವರು, ಪಾತ್ರೆ ತೊಳೆಯುವವರು, ಮಗು ನೋಡಿಕೊಳ್ಳುವವರು. ಒಬ್ಬೊಬ್ಬರೇ ಮೊಬೈಲಿನ ನಂಬರು ಹೇಳಿ ಒಳಗೆ ಬರುತ್ತಾರೆ. ಅವರು ಒಳಗೆ ಬಂದರು ಅಂತ ನಮ್ಮ ಫೋನು ಟಿಣ್ ಅನ್ನುತ್ತದೆ. ಹತ್ತೂವರೆಗೆ ಒಂದು ಗುಂಪು ಹೊರಗೆ, ಇನ್ನೊಂದು ಗುಂಪು ಒಳಗೆ. ಹೋಗುವಾಗ ಚೀಲ ತೆಗೆದು ತೋರಿಸಬೇಕು. ನಾವು ಏನಾದರೂ ಕೊಟ್ಟಿದ್ದರೆ ಆ್ಯಪಿನಲ್ಲಿ ಪಾಸ್ ಹಾಕಬೇಕು, "ಹಳೆಯ ಸೀರೆ ಎರಡು, ಮಿಕ್ಸಿ ಜಾರ್ ಒಂದು" ಅಂತ.

ಒಂದು ದಿನ ನಮ್ಮ ಮನೆಗೆ ಬರುವಾಕೆ ಗ್ಯಾಸ್ ಕಟ್ಟೆ ಒರೆಸುತ್ತಾ, "ನಮ್ಮಪ್ಪಾನೂ ಇದೇ ಗೇಟಲ್ಲಿ ಬರ್ತಿದ್ರು ಅಕ್ಕಾ, ಮಿಲ್ಲಿಗೆ" ಅಂದಳು. ಎಷ್ಟು ಮಾಮೂಲಾಗಿ ಹೇಳಿದಳು ಅಂದರೆ, ನಾನು ಹೂಂ ಅಂದು ಸುಮ್ಮನಾದೆ. ರಾತ್ರಿ ಮಲಗುವಾಗ ನೆನಪಾಗಿ ಎದ್ದು ಕುಳಿತೆ.

ಈಗ ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ನಾವು ಬಂದ ಮೊದಲ ವರ್ಷ ಕೆಳಗಿನ ಪಾರ್ಕಿಂಗಿನಿಂದ ಎರಡು ಮಕ್ಕಳ ಸೈಕಲ್ ಕಾಣೆಯಾದವು. ಅಸೋಸಿಯೇಷನ್ ಸಭೆ ಕರೆಯಿತು. ಹಿಂದಿನ ಗೇಟು ಮುಚ್ಚಬೇಕು ಅನ್ನುವ ಮಾತು ಬಂತು. ಸೈಕಲ್ ಆ ಗೇಟಿನಿಂದಲೇ ಹೋಯಿತು ಅನ್ನುವುದಕ್ಕೆ ಆಧಾರವಿರಲಿಲ್ಲ. ಆದರೆ ಎಲ್ಲರಿಗೂ ಅನುಮಾನ ಇದ್ದದ್ದು ಓಣಿಯ ಮೇಲೇ. ಕೈ ಎತ್ತಿ ಅಂದರು. ನಾನೂ ಎತ್ತಿದೆ. ಯೋಚನೆ ಮಾಡಿ ಎತ್ತಿದ್ದಲ್ಲ. ಹೊಸಬಳು, ಪಕ್ಕದವರು ಎತ್ತಿದರು, ನಾನೂ ಎತ್ತಿದೆ.

ಗೇಟು ಐದು ತಿಂಗಳು ಮುಚ್ಚಿತ್ತು. ಹೆಂಗಸರು ದೊಡ್ಡ ರಸ್ತೆ ಸುತ್ತಿ ಬರಬೇಕಾಯಿತು, ಇಪ್ಪತ್ತು ನಿಮಿಷ ಜಾಸ್ತಿ. ನನ್ನ ಪೇಟೆಯ ನಡಿಗೆಯೂ ತಪ್ಪಿತು. ಕೊನೆಗೆ ತೆರೆದದ್ದು ನ್ಯಾಯಕ್ಕಾಗಿ ಏನೂ ಅಲ್ಲ. ಅಡುಗೆಯವರು ತಡವಾಗಿ ಬಂದು ಮಕ್ಕಳ ಟಿಫಿನ್ ಬಾಕ್ಸ್ ತಪ್ಪುತ್ತಿದೆ ಅಂತ ಗುಂಪಿನಲ್ಲಿ ದೂರು ಜಾಸ್ತಿಯಾಯಿತು. ಸೈಕಲ್? ಒಂದು ಬಿ ಬ್ಲಾಕಿನ ಡಕ್ಟಿನಲ್ಲಿ ಸಿಕ್ಕಿತು. ಇನ್ನೊಂದರ ಸುದ್ದಿ ಯಾರೂ ಎತ್ತಲಿಲ್ಲ.

ಪೇಟೆಗೂ ಗೋಡೆ ಇತ್ತಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡದ್ದುಂಟು. ಮಣ್ಣಿನ ಕೋಟೆ, ಸುತ್ತ ಕಂದಕ, ಮುಳ್ಳಿನ ಪೊದೆ. 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಮೊದಲು ಪೇಟೆಯನ್ನು ಹಿಡಿದು ಆಮೇಲೆ ಕಲ್ಲಿನ ಕೋಟೆಗೆ ಕೈ ಹಾಕಿತು. ಹಲಸೂರು ಬಾಗಿಲು, ಯಲಹಂಕ ಬಾಗಿಲು, ಆನೇಕಲ್ ಬಾಗಿಲು ಅಂತ ಬಾಗಿಲುಗಳಿದ್ದವು. ಒಂದು ಬಾಗಿಲು ಕಟ್ಟಿದಷ್ಟೂ ಬೀಳುತ್ತಿತ್ತಂತೆ, ಕೆಂಪೇಗೌಡರ ಸೊಸೆ ಲಕ್ಷ್ಮಮ್ಮ, ಬಸುರಿ, ತಾನೇ ಬಲಿಯಾದಳಂತೆ. ಕೋರಮಂಗಲದಲ್ಲಿ ಅವಳ ಸಮಾಧಿ ಇದೆ. ಈಗ ಹಲಸೂರು ಗೇಟ್ ಅಂದರೆ ಪೊಲೀಸ್ ಸ್ಟೇಷನ್ನು. ಗೋಡೆ ಹೋದ ಮೇಲೆ ಪೇಟೆಗೆ ಏನೂ ಆಗಲಿಲ್ಲ. ಇನ್ನಷ್ಟು ಜನ ಬಂದು ತುಂಬಿಕೊಂಡರು, ಅಷ್ಟೇ.

ತುಂಬಿದ್ದು ಜಾಸ್ತಿಯೇ ಆಗಿತ್ತು ಅನ್ನಿ. 1898ರ ಪ್ಲೇಗು ಇಲ್ಲಿ ಜನರನ್ನು ಬಲಿ ತೆಗೆದುಕೊಂಡ ಮೇಲೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಅನುಕೂಲವಿದ್ದವರು ಗಾಳಿ ಬೆಳಕು ಹುಡುಕಿಕೊಂಡು ಹೋದರು. ನಾವೂ ಹಾಗೇ ಗಾಳಿ ಬೆಳಕು ಅಂತ ಬಂದವರೇ, ಅದು ಮೇಲ್ಮುಖವಾಗಿ.

*

ಚೈತ್ರದಲ್ಲಿ ಕರಗ ಬರುತ್ತದೆ. ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಟು ಪೇಟೆಯೆಲ್ಲ ಸುತ್ತುತ್ತದೆ. ಅರಳೇಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಇದು ಹೊಸ ಕಾಲದ ಸೌಹಾರ್ದ ಕಾರ್ಯಕ್ರಮವಲ್ಲ, ಹಿಂದಿನಿಂದ ನಡೆದುಬಂದ ದಾರಿ. ಆ ರಾತ್ರಿ ನಮ್ಮ ಗುಂಪಿನಲ್ಲಿ "ಯಾಕಿಷ್ಟು ಸದ್ದು? ಯಾರಾದರೂ ಕಂಟ್ರೋಲ್ ರೂಮಿಗೆ ಫೋನ್ ಮಾಡಿ" ಅಂತ ಮೆಸೇಜು ಬರುವುದೂ ಈಗ ಪದ್ಧತಿಯೇ.

ಎರಡು ವರ್ಷದ ಹಿಂದೆ ನಮ್ಮ ಮನೆಗೆ ಬರುವಾಕೆಯ ಜೊತೆ ನಾನೂ ಹೋದೆ. "ನಿದ್ದೆಗೆಡ್ತೀರಾ ಅಕ್ಕಾ?" ಅಂತ ಎರಡು ಸಲ ಕೇಳಿದಳು. ಮಧ್ಯರಾತ್ರಿ ದಾಟಿದರೂ ಓಣಿಯ ತುಂಬ ಮಕ್ಕಳು. ಮನೆಮುಂದೆ ರಂಗೋಲಿ, ಪಾನಕದ ಬಿಂದಿಗೆ, ಕೋಸಂಬರಿ. ದರ್ಗಾದ ಹತ್ತಿರ ಒಂದು ಕಟ್ಟೆಯ ಮೇಲೆ ಜಾಗ ಸಿಕ್ಕಿತು. ಗಂಟೆಗಟ್ಟಲೆ ಕಾದೆವು. ಮೊದಲು ಬಂದದ್ದು ಮಲ್ಲಿಗೆಯ ವಾಸನೆ. ಆಮೇಲೆ ಕತ್ತಿ ಹಿಡಿದ ವೀರಕುಮಾರರು. ಆಮೇಲೆ ಗೋವಿಂದ, ಗೋವಿಂದ ಅನ್ನುವ ಕೂಗು, ಅದರ ನಡುವೆ ಹೂವಿನ ಗೋಪುರದಂಥ ಕರಗ, ಕೈ ಮುಟ್ಟದೆ, ತಲೆಯ ಮೇಲೆ. ಒಂದು ನಿಮಿಷ ಕೂಡ ಕಾಣಲಿಲ್ಲ. ನನ್ನ ಮುಂದಿದ್ದ ಅಜ್ಜಿ ಎಸೆದ ಹೂವು ನನ್ನ ಕನ್ನಡಕಕ್ಕೆ ಬಿತ್ತು.

ಬೆಳಗಿನ ಜಾವ ವಾಪಸು ಬಂದಾಗ ಹಿಂದಿನ ಗೇಟಿಗೆ ಬೀಗ. ಆರು ಗಂಟೆಗೆ ತೆರೆಯುವುದು ಅಂದ ಗಾರ್ಡು. ನಾನು ಇಲ್ಲಿಯ ಓನರ್ ಅಂದೆ. ಓನರುಗಳಿಗೆ ಮುಂದಿನ ಗೇಟು ಮೇಡಂ ಅಂದ. ಅವಳ ಮನೆಯ ಜಗಲಿಯ ಮೇಲೆ ಕುಳಿತು, ಸ್ಟೀಲ್ ಲೋಟದಲ್ಲಿ ಅವಳು ಕೊಟ್ಟ ಕಾಫಿ ಕುಡಿದು, ಆರು ಗಂಟೆಯವರೆಗೆ ಕಾದೆ. ಸುತ್ತಿಕೊಂಡು ಹೋಗಬಹುದಿತ್ತು. ಹೋಗಲು ಮನಸ್ಸಾಗಲಿಲ್ಲ. ಅವಳ ಅಪ್ಪನನ್ನು ನಾನು ಮೊದಲು ನೋಡಿದ್ದು ಅಲ್ಲೇ. ಬನಿಯನ್ ಹಾಕಿಕೊಂಡು ಪೇಪರ್ ಓದುತ್ತಿದ್ದರು. ನನ್ನನ್ನು ನೋಡಿ ಎದ್ದು ಶರ್ಟ್ ಹಾಕಿಕೊಂಡು ಬಂದರು.

*

ಕಳೆದ ಯುಗಾದಿಗೆ ಅವರನ್ನು ನಮ್ಮ ಮನೆಗೆ ಕರೆದೆ. ಮಗಳ ಜೊತೆ ಬಂದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಕೈಯಲ್ಲಿ ಒಂದು ಬಟ್ಟೆಯ ಚೀಲ, ಚೀಲದಲ್ಲಿ ನನಗಾಗಿ ಎರಡು ಮಾವಿನಕಾಯಿ. ವಯಸ್ಸು ಎಪ್ಪತ್ತೆಂಟು ಅಂದರು. ಲಿಫ್ಟಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದರು.

ನಾನು ಏನೇನೋ ಕೇಳಬೇಕು ಅಂತ ಇಟ್ಟುಕೊಂಡಿದ್ದೆ. ಬಾಲ್ಕನಿಗೆ ಕರೆದುಕೊಂಡು ಹೋಗಿ, "ಮಗ್ಗಗಳು ಎಲ್ಲಿದ್ದವು? ಸೈರನ್ ಯಾವ ಕಡೆ ಇತ್ತು?" ಅಂತ ಕೇಳಿದೆ. ಅವರು ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. "ಏನೂ ಗೊತ್ತಾಗ್ತಿಲ್ಲಮ್ಮಾ. ಎಲ್ಲಾ ಲೆಕ್ಕ ತಪ್ಪೋಗಿದೆ. ನಾವು ಇಷ್ಟು ಮೇಲಿಂದ ಯಾವತ್ತು ನೋಡಿದೀವಿ?" ಅಂದರು.

"ಮಿಲ್ಲು ನೆನಪಾಗುತ್ತಾ?"

"ಕಿವಿ ಹೋಯ್ತಲ್ಲಾ, ದಿನಾ ನೆನಪಾಗುತ್ತೆ." ಎಡಗಿವಿ ತೋರಿಸಿದರು. ಮಗ್ಗದ ಸದ್ದಿಗೆ ಹೋದದ್ದಂತೆ. ಶೆಡ್ಡಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ, ತುಟಿ ನೋಡಿಯೇ ಮಾತಾಡುತ್ತಿದ್ದರು. ಈಗಲೂ ಅವರು ಎದುರಿಗಿರುವವರ ತುಟಿಯನ್ನೇ ನೋಡುತ್ತಾರೆ. ನಾನು ಅದನ್ನು ಸಂಕೋಚ ಅಂದುಕೊಂಡಿದ್ದೆ.

ಆಮೇಲೆ ಅವರು ಕೇಳಲು ಶುರು ಮಾಡಿದರು. ಮೆಂಟೆನೆನ್ಸ್ ತಿಂಗಳಿಗೆ ಎಷ್ಟು? ಹೇಳಿದೆ. ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದರು, ಏನು ಅಂತ ಹೇಳಲಿಲ್ಲ. ನೀರು ಎಲ್ಲಿಂದ? ಟ್ಯಾಂಕರ್ ಎಷ್ಟು? ಕರೆಂಟ್ ಹೋದರೆ ಲಿಫ್ಟ್ ನಡೆಯುತ್ತಾ? ಸೋಫಾದ ಬಟ್ಟೆಯನ್ನು ಎರಡು ಬೆರಳಿನಲ್ಲಿ ಉಜ್ಜಿ ನೋಡಿ, "ಪಾಲಿಸ್ಟರ್" ಅಂದರು. ಹೋಳಿಗೆ ಎರಡು ತಿಂದರು. ಮತ್ತೆ ಬಾಲ್ಕನಿಗೆ ಹೋಗಿ ಬಿಸಿಲಿಗೆ ಮುಖ ಕೊಟ್ಟು ನಿಂತರು. "ಇಲ್ಲಿ ಎಷ್ಟು ಬಿಸಿಲಮ್ಮಾ! ನಮಗೆ ಒಳಗೆ ಹೋದ್ರೆ ಬಿಸಿಲೋ ಮಳೆಯೋ ಗೊತ್ತಾಗ್ತಿರ್ಲಿಲ್ಲ. ಒಳ್ಳೇದಾಯ್ತು ಬಿಡಿ."

ಏನು ಒಳ್ಳೆಯದಾಯಿತು ಅಂತ ನಾನು ಕೇಳಲಿಲ್ಲ. ಹಿಂದಿನ ಗೇಟು ಮುಚ್ಚಿದ ಕತೆ ಹೇಳಿದೆ. ನಾನು ಕೈ ಎತ್ತಿದ್ದನ್ನೂ ಹೇಳಿದೆ. ಅವರ ಮಗಳು ಅಡುಗೆಮನೆಯಲ್ಲಿ ತಟ್ಟೆ ಜೋಡಿಸುವುದನ್ನು ನಿಲ್ಲಿಸಿದಳು. ಅವರಿಗೆ ಮಾತ್ರ ಅದು ದೊಡ್ಡ ವಿಷಯ ಅನಿಸಲಿಲ್ಲ. "ಆ ಬಾಗಿಲಾ? ಅದು ನಮ್ ಕಾಲದಲ್ಲೂ ಅಷ್ಟೇ. ಐದು ನಿಮಿಷ ಲೇಟಾದ್ರೆ ಮುಚ್ಚೋರು. ಅರ್ಧ ದಿನದ ಕೂಲಿ ಹೋಗೋದು" ಅಂದರು.

ಹೊರಡುವಾಗ ಅವರ ಚೀಲಕ್ಕೆ ಒಂದು ಡಬ್ಬಿ ಹೋಳಿಗೆ, ಒಂದು ಜೊತೆ ಪಂಚೆ ಹಾಕಿದೆ. ಆ್ಯಪಿನಲ್ಲಿ ಪಾಸ್ ಹಾಕುವುದು ಮರೆತೆ. ಹಬ್ಬದ ದಿನ ಯಾರು ಕೇಳುತ್ತಾರೆ ಅಂತಲೂ ಇರಬಹುದು. ಮಗಳು ಪಾತ್ರೆ ಮುಗಿಸಿ ಬರುತ್ತೇನೆ ಅಂದಳು. ನಾನೇ ಅವರನ್ನು ಹಿಂದಿನ ಗೇಟಿನವರೆಗೆ ಬಿಡಲು ಹೋದೆ. ಕಲ್ಲಿನ ಗೋಡೆ ಕಂಡಾಗ ಅವರ ನಡಿಗೆ ಸ್ವಲ್ಪ ಬದಲಾಯಿತು. ಬೇಗ ಬೇಗ ಹೆಜ್ಜೆ ಹಾಕಿದರು. ನಾನು ಹಿಂದೆ ಉಳಿದೆ.

ಗಾರ್ಡ್ ಹುಡುಗ ಅಸ್ಸಾಮಿನವನು, ಬಂದು ಒಂದು ತಿಂಗಳಾಗಿತ್ತು. ಕುರ್ಚಿಯಲ್ಲಿ ಕುಳಿತು ಫೋನು ನೋಡುತ್ತಿದ್ದ. ಏನೂ ಕೇಳಿರಲಿಲ್ಲ, ತಲೆಯನ್ನೂ ಎತ್ತಿರಲಿಲ್ಲ. ಅವರು ಗೇಟಿನ ಮುಂದೆ ನಿಂತರು. ಚೀಲದ ಬಾಯಿ ಬಿಚ್ಚಿ ನೆಲದ ಮೇಲಿಟ್ಟರು. ಎರಡೂ ಕೈ ಭುಜದ ಮಟ್ಟಕ್ಕೆ ಎತ್ತಿ, ಬೆರಳು ಬಿಡಿಸಿ, ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿಸಿ ನಿಂತರು.

ಹುಡುಗ ತಲೆಯೆತ್ತಿದ. ಅವರನ್ನು ನೋಡಿದ, ನನ್ನನ್ನು ನೋಡಿದ. "ಅಂಕಲ್, ಜಾವೋ ಜಾವೋ" ಅಂದು ಎದ್ದು ಬಾಗಿಲು ತೆಗೆದ.

ಅವರು ಕೈ ಇಳಿಸಿ, ಚೀಲ ಎತ್ತಿಕೊಂಡು, ಬಾಗಿಲಿಗೆ ತಲೆ ತಾಗದ ಹಾಗೆ ಬಗ್ಗಿ ಓಣಿಗೆ ಹೋದರು.